ಬೋಳುತಲೆ ಐದಾಣೆ

ದೊಡ್ಡ ಹೋಟೆಲುಗಳಿಗೆ ಜನ ಏಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಉತ್ತರಗಳು ಹಲವು. ನಾಲಗೆಯ ಚಪಲಕ್ಕೆ ಹೋಗುವವರಿದ್ದಾರೆ, ಶೋಕಿಗೆ ಹೋಗುವವರಿದ್ದಾರೆ, ಹೋಗಿದ್ದೆವು ಎಂದು ಮಾರನೆಯ ದಿನ ಪಕ್ಕದ ಮನೆಯವರಿಗೆ ಹೇಳುವುದಕ್ಕಾಗಿಯೇ ಹೋಗುವವರೂ ಇದ್ದಾರೆ. ನಾನು ಹೋದದ್ದು ಇದಾವುದಕ್ಕೂ ಅಲ್ಲ. ನನ್ನ ತಲೆಯಲ್ಲಿ ಕೂದಲಿಲ್ಲ, ಅದಕ್ಕೆ ಹೋದೆ.

ನಗಬೇಡಿ. ಅಥವಾ ನಕ್ಕುಬಿಡಿ, ಅರ್ಧ ಮೈಸೂರು ನಕ್ಕಾಗಿದೆ, ನೀವೊಬ್ಬರು ಯಾಕೆ ಬಿಗಿಹಿಡಿದು ಕೂರಬೇಕು? ಆದರೆ ಕೂದಲಿಗೂ ಹೋಟೆಲಿಗೂ ಏನು ಸಂಬಂಧ ಎಂದು ತಿಳಿಯಬೇಕಾದರೆ ಮೊದಲು ನಜರ್‌ಬಾದಿನ ನಮ್ಮ ಮಾಮೂಲಿ ಹೋಟೆಲಿಗೆ ಬರಬೇಕು, ಅಲ್ಲಿ ನಂಜಪ್ಪನ ಪರಿಚಯ ಮಾಡಿಕೊಳ್ಳಬೇಕು.

ನಾನು ಹೇಳುತ್ತಿರುವುದು ಆಣೆಯ ಕಾಲದ ಮಾತು. ನಯಾಪೈಸೆ ಇನ್ನೂ ಬಂದಿರಲಿಲ್ಲ. ಆ ಹೋಟೆಲಿಗೆ ಒಂದು ಹೆಸರೇನೋ ಇತ್ತು; ಬೋರ್ಡಿಗೆ ಹೊಗೆ ಹಿಡಿದಿದ್ದರಿಂದ ಅದನ್ನು ಓದಿದವರು ಯಾರೂ ಇರಲಿಲ್ಲ. ಉದ್ದನೆಯ ಹಜಾರ, ಕಲ್ಲಿನ ಹಲಗೆಯ ಎಂಟು ಮೇಜು, ಹಿಂದುಗಡೆ ಅಡಿಗೆಮನೆ, ಮುಂಬಾಗಿಲ ಬಳಿ ಗಲ್ಲಾ, ಗಲ್ಲಾದ ಹಿಂದೆ ಹಣೆ ತುಂಬ ವಿಭೂತಿ ಹಚ್ಚಿಕೊಂಡ ಯಜಮಾನರು. ಒಂದು ಮೂಲೆಗೆ ಹಸಿರು ಪರದೆ ಬಿಟ್ಟು ಅದನ್ನು 'ಫ್ಯಾಮಿಲಿ ರೂಮು' ಎಂದು ಕರೆಯುತ್ತಿದ್ದರು. ಇಷ್ಟಕ್ಕೂ ಬಡಿಸುವವನು ನಂಜಪ್ಪ ಒಬ್ಬನೇ. ಐವತ್ತರ ಆಸುಪಾಸಿನ ಗಟ್ಟಿ ಆಳು, ಹಳ್ಳಿಯಿಂದ ಬಂದು ಅಲ್ಲೇ ತಲೆ ನೆರೆಸಿಕೊಂಡವನು. ನೆರೆಸಿಕೊಳ್ಳುವುದಕ್ಕೆ ಅವನಿಗೆ ಕೂದಲಾದರೂ ಇತ್ತು ಎಂಬುದನ್ನು ದಯವಿಟ್ಟು ಗಮನಿಸಿ.

ಬಿಲ್ಲು ಬರೆದುಕೊಡುವ ಪದ್ಧತಿ ಅಲ್ಲಿ ಇರಲಿಲ್ಲ. ಬರೆಯಲು ಕಾಗದ ಬೇಕು, ಪೆನ್ಸಿಲು ಬೇಕು. ನಂಜಪ್ಪನಿಗೆ ಇದ್ದದ್ದು ಕಂಠ. ನೀವು ತಿಂದು, ಕೈ ತೊಳೆದು, ಬಾಗಿಲ ಕಡೆ ಹೊರಟಿರೆಂದರೆ ಅವನು ಹಜಾರದ ಕೊನೆಯಿಂದಲೇ ಗಲ್ಲಾಕ್ಕೆ ಕೂಗುತ್ತಿದ್ದ. ಬರೀ ದುಡ್ಡನ್ನು ಕೂಗಿದರೆ ಅದು ಯಾರ ದುಡ್ಡೆಂದು ಯಜಮಾನರಿಗೆ ತಿಳಿಯಬೇಡವೇ? ಅದಕ್ಕೆ ಮೊದಲು ಆಸಾಮಿಯ ಗುರುತು, ಆಮೇಲೆ ದುಡ್ಡು.

"ಕರೀ ಕೋಟು, ಮೂರಾಣೆ!"

"ಉದ್ದ ಮೂಗು, ಏಳಾಣೆ!"

"ಛತ್ರಿಯೋರು ಎರಡಾಣೆ! ಛತ್ರಿ ಇಲ್ಲೇ ಬುಟ್ಟವ್ರೆ!"

ಹೀಗೆ ಯಾರು ಎಷ್ಟು ತಿಂದರು ಎಂಬುದು ನಜರ್‌ಬಾದಿಗೆಲ್ಲ ಗೊತ್ತಾಗುತ್ತಿತ್ತು. ಉದ್ದ ಮೂಗಿನವರು ಮನೆಯಲ್ಲಿ ಉಪವಾಸವೆಂದು ಹೇಳಿ ಇಲ್ಲಿ ಏಳಾಣೆ ತಿಂದ ಸುದ್ದಿ ಅವರಿಗಿಂತ ಮೊದಲೇ ಅವರ ಮನೆ ಮುಟ್ಟುತ್ತಿತ್ತು.

ನನ್ನ ತಿಂಡಿಯಲ್ಲಿ ಏರುಪೇರಿಲ್ಲ. ಒಂದು ಮಸಾಲೆದೋಸೆ, ಒಂದು ಕಾಫಿ, ಐದಾಣೆ. ವರ್ಷಗಟ್ಟಲೆ ಅದೇ ಐದಾಣೆ. ಏರುಪೇರಾದದ್ದು ಗುರುತಿನಲ್ಲಿ. ನಾನು ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ನಂಜಪ್ಪ ನನ್ನನ್ನು "ಗುಂಗುರು ಕೂದ್ಲು, ಐದಾಣೆ!" ಎಂದು ಕೂಗುತ್ತಿದ್ದ. ಆಹಾ, ಅದೆಂಥ ಕಾಲ! ಮದುವೆಯಾದ ಮೇಲೆ ಅದು "ಸೈಡು ಕ್ರಾಪು" ಆಯಿತು. ಸ್ವಲ್ಪ ದಿನ ಕಳೆದು "ಅಗಲ ಹಣೆ" ಆಯಿತು. ಅದನ್ನು ನಾನು ಪಾಂಡಿತ್ಯಕ್ಕೆ ಸಂದ ಮರ್ಯಾದೆ ಎಂದೇ ತಿಳಿದು ಹಿಗ್ಗಿದೆ. ಆಮೇಲೆ ಕೆಲಕಾಲ "ಕನ್ನಡಕ". ಕೊನೆಗೆ ಒಂದು ದಿನ, ಕಾಫಿಯ ಲೋಟ ಕೆಳಗಿಟ್ಟು ನಾನು ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಬಂತು:

"ಬೋಳುತಲೆ, ಐದಾಣೆ!"

ಯಾರಪ್ಪಾ ಪಾಪ ಎಂದು ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕ್ಷೌರದವನು ಹೇಳಿರಲಿಲ್ಲ, ಹೆಂಡತಿ ಹೇಳಿರಲಿಲ್ಲ, ಮನೆಯ ಕನ್ನಡಿ ಮುಂಭಾಗವನ್ನಷ್ಟೇ ತೋರಿಸಿ ಸುಮ್ಮನಿತ್ತು. ಹೇಳಿದವನು ನಂಜಪ್ಪ, ಹೇಳಿದ್ದು ಎಂಟು ಮೇಜುಗಳಿಗೆ.

ಒಂದು ವಾರ ಸಹಿಸಿಕೊಂಡು, ಮೆಲ್ಲಗೆ ಅವನನ್ನು ಕರೆದು ಕೇಳಿದೆ: "ನಂಜಪ್ಪ, ಬೇರೆ ಏನಾದರೂ ಗುರುತು ಹೇಳಬಾರದೇನಯ್ಯ?"

ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಏನಂತ ಏಳ್ಲಿ ಸಾಮಿ? ಕನ್ನಡಕ ಅಂದ್ರೆ ನಾಕು ಜನ ತಿರುಗ್ತಾರೆ. ಮೇಷ್ಟ್ರು ಅಂದ್ರೆ ಇಲ್ಲಿ ಬರೋರೆಲ್ಲ ಮೇಷ್ಟ್ರೇ. ಕೋಟಂತೂ ಬುಡಿ, ಎಲ್ರೂ ಆಕ್ಕೊಂಡಿರ್ತಾರೆ. ಎಲ್ಲಿ ನಿಂತ್ರೂ ಗಲ್ಲಾಕ್ಕೆ ಕಾಣೋದು ನಿಮ್ದು ಅದೊಂದೇ ಕಣ್ರೀ."

ಅವನು ಆಡಿದ್ದು ಶುದ್ಧ ತರ್ಕಶಾಸ್ತ್ರ. ಲಕ್ಷಣ ಎಂದರೇನು? ಬೇರೆ ಯಾವುದರಲ್ಲೂ ಇಲ್ಲದೆ ಆ ವಸ್ತುವಿನಲ್ಲಿ ಮಾತ್ರ ಇರುವ ಧರ್ಮ. ಹಸುವಿಗೆ ಲಕ್ಷಣ ಹೇಳು ಎಂದರೆ ಕೊಂಬು ಎನ್ನಬಾರದು, ಕೊಂಬು ಎಮ್ಮೆಗೂ ಉಂಟು. ಅದು ಅತಿವ್ಯಾಪ್ತಿ ದೋಷ. ಕಪ್ಪು ಬಣ್ಣ ಎನ್ನಬಾರದು, ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊರಳ ಕೆಳಗೆ ಜೋಲುವ ಗಂಗೆದೊಗಲನ್ನೇ ಹೇಳಬೇಕು. ಇದನ್ನು ಗುರುಗಳ ಮುಂದೆ ಕೈಕಟ್ಟಿ ನಿಂತು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು. ನಂಜಪ್ಪ ಚಟ್ನಿ ಬಡಿಸುತ್ತ ಬಡಿಸುತ್ತಲೇ ಸಾಧಿಸಿದ್ದ. ಹಸುವಿಗೆ ಗಂಗೆದೊಗಲು, ನನಗೆ ಬೋಳುತಲೆ.

ಆದರೂ ಆಸೆ ಬಿಡಲಿಲ್ಲ. ಒಂದು ದಿನ ನನಗಿಂತ ನುಣ್ಣಗಿನ ತಲೆಯವರೊಬ್ಬರು ಬಂದು ಎದುರಿನ ಮೇಜಿನಲ್ಲಿ ಕೂತಾಗ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಈಗೇನು ಮಾಡ್ತೀಯಪ್ಪಾ ನಂಜಪ್ಪ, ಬಂತು ನೋಡು ಅತಿವ್ಯಾಪ್ತಿ ಎಂದುಕೊಂಡು, ಬೇಕೆಂದೇ ಅವರ ಜೊತೆಗೇ ಎದ್ದು ಬಾಗಿಲ ಕಡೆ ನಡೆದೆ. ನಂಜಪ್ಪ ಒಂದು ಕ್ಷಣವೂ ತಡವರಿಸಲಿಲ್ಲ.

"ಒಸಾ ಬೋಳುತಲೆ ಮೂರಾಣೆ! ನಮ್ ಬೋಳುತಲೆ ಐದಾಣೆ!"

ಆ ಕೂಗು ಹೋಟೆಲಿನಲ್ಲೇ ಉಳಿದಿದ್ದರೆ ಸೈರಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಮಾತು ಕಾಂಪೌಂಡು ಹಾರಿ ಸ್ಕೂಲಿಗೂ ಬಂತು. ಬಹುವ್ರೀಹಿ ಸಮಾಸಕ್ಕೆ ಒಂದು ಉದಾಹರಣೆ ಕೊಡಿ ಎಂದು ತರಗತಿಯಲ್ಲಿ ಕೇಳಿದರೆ ಹಿಂದಿನ ಬೆಂಚಿನಿಂದ ಯಾವುದೋ ಸ್ವರ, "ಬೋಳುತಲೆ ಸಾರ್" ಎಂದಿತು. ತಪ್ಪೆಂದು ಹೇಳೋಣವೆಂದರೆ ಉತ್ತರ ಸರಿಯಾಗಿತ್ತು. ನಾನು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯಹೊರಟೆ. ಬೆನ್ನು ತಿರುಗಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬುದು ಹೊಳೆದು ಮತ್ತೆ ಇತ್ತ ತಿರುಗಿದೆ. ಆವತ್ತಿನಿಂದ ನಾನು ಪಾಠ ಮಾಡಿದ್ದೆಲ್ಲ ಏಡಿಯ ಹಾಗೆ ಪಕ್ಕಪಕ್ಕಕ್ಕೆ ನಡೆದು.

ಇದರ ಮೇಲೆ ನನ್ನ ಹೆಂಡತಿ ಸರೋಜ. "ನೀವೊಬ್ಬರೇ ಹೋಗಿ ಹೋಗಿ ತಿಂದು ಬರ್ತೀರಲ್ಲ, ನನಗೊಂದು ದಿನ ತೋರಿಸಬಾರದೇ ಆ ದೋಸೇನ?" ಎಂದು ಬಹಳ ದಿನದಿಂದ ಹೇಳುತ್ತಿದ್ದಳು. ನಾನು ಅದೂ ಇದೂ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳಿಗೆ ನನ್ನ ತಲೆಯ ಸಂಗತಿ ಗೊತ್ತಿರಲಿಲ್ಲವೆಂದಲ್ಲ, ದಿನಾ ಕಣ್ಣಾರೆ ಕಾಣುವ ವಸ್ತು. ಆದರೆ ಹೊರಗೆ ನಾನು ದೊಡ್ಡ ವಿದ್ವಾಂಸನೆಂದು, ಊರವರೆಲ್ಲ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆಂದು ಅವಳು ನಂಬಿದ್ದಳು. ಹಾಗೆ ನಂಬಿಸಿದ್ದವನು ನಾನೇ. ಅದೊಂದು ನಂಬಿಕೆ ಕೆಡಬಾರದು ಎಂದು ನನಗೆ ನಿಜಕ್ಕೂ ಇತ್ತು.

ಕಡೆಗೂ ಒಂದು ಭಾನುವಾರ ಹೋಗಲೇಬೇಕಾಯಿತು. ಹಸಿರು ಪರದೆಯ ಹಿಂದೆ ಕೂತೆವು. ಸರೋಜ ದೋಸೆಯನ್ನು ಮೂಸಿದಳು, ಮುರಿದಳು, ಅಕ್ಕಿ ಇಷ್ಟು ಉದ್ದು ಇಷ್ಟು ಎಂದು ಲೆಕ್ಕ ಹಾಕಿದಳು, "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ಚಿನ್ನದ ಪದಕ. ನಂಜಪ್ಪ ಪರದೆ ಸರಿಸಿ ಲೋಟ ಎತ್ತಿಕೊಂಡು ಹೋದ. ನಾನು ಎದ್ದು ಕಣ್ಣು ಮುಚ್ಚಿಕೊಂಡೆ.

"ಫ್ಯಾಮಿಲಿ ರೂಮು! ಬೋಳುತಲೆ, ಬೋಳುತಲೆ ಮನೆಯೋರು, ಅತ್ತಾಣೆ!"

ಸರೋಜ ಮೊದಲು 'ಬೋಳುತಲೆ' ಎಂಬಲ್ಲಿ ಬಿದ್ದು ಬಿದ್ದು ನಕ್ಕಳು. ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. 'ಬೋಳುತಲೆ ಮನೆಯೋರು' ಎಂಬುದು ಕಿವಿಗೆ ಇಳಿದ ಮೇಲೆ ಆ ನಗು ಅರ್ಧಕ್ಕೆ ನಿಂತಿತು.

"ಯಾರ್ರೀ ಅದು, ನಾನಾ?"

"ಇನ್ಯಾರು?"

"ಮೊಣಕಾಲು ಮುಟ್ಟೋ ಜಡೆ ಇದೆ ಕಣ್ರೀ ನನಗೆ!" ಅವಳ ದನಿ ಪರದೆ ದಾಟಿ, ಹಜಾರ ದಾಟಿ, ಗಲ್ಲಾವನ್ನೂ ಮುಟ್ಟಿರಬೇಕು. "ನನ್ನ ಜಡೆ ಬಿಟ್ಟು ನಿಮ್ಮ ತಲೇನ ನನ್ನ ಕುತ್ತಿಗೆಗೆ ಯಾಕೆ ಕಟ್ಟಬೇಕು ಆ ಮನುಷ್ಯ?"

ಜಯಲಕ್ಷ್ಮಿಪುರಂನ ನಮ್ಮ ಮನೆ ಸೇರುವವರೆಗೆ ಟಾಂಗಾದಲ್ಲಿ ಅವಳು ನನ್ನ ಕಡೆ ತಿರುಗಲಿಲ್ಲ. ನಾನು ಅಲ್ಲೇ ಶಪಥ ಮಾಡಿದೆ, ಇನ್ನು ನಜರ್‌ಬಾದಿನ ಆ ಹೊಸ್ತಿಲು ತುಳಿಯುವುದಿಲ್ಲ ಎಂದು.

ಶಪಥವನ್ನೇನೋ ನಾಲಗೆ ಮಾಡಿತು, ಪಾಲಿಸಬೇಕಾದದ್ದೂ ಅದೇ ನಾಲಗೆ. ಹದಿನೈದು ದಿನ ಕಳೆಯುವುದರಲ್ಲಿ ನನಗೆ ದಿನಾ ದೋಸೆಗೆ ಹೋಗುತ್ತಿದ್ದ ಹೊತ್ತಿಗೆ, ಸಂಜೆ ನಾಲ್ಕೂವರೆಗೆ, ಮೈ ಬಿಸಿಯಾಗತೊಡಗಿತು. ಮನೆಯಲ್ಲಿ ದೋಸೆ ಆಗುತ್ತಿರಲಿಲ್ಲವೆ? ಆಗುತ್ತಿತ್ತು, ಚೆನ್ನಾಗಿಯೇ ಆಗುತ್ತಿತ್ತು. ಆದರೆ ಮನೆಯ ದೋಸೆ ತಿನ್ನುವಾಗ ಯಾವಾಗಲೂ ಏನಾದರೊಂದು ಪ್ರಶ್ನೆ ಬರುತ್ತದೆ: ಸೌದೆಯವನಿಗೆ ಹೇಳಿದಿರಾ, ಅಕ್ಕನಿಗೆ ಕಾಗದ ಹಾಕಿದಿರಾ? ಹೋಟೆಲಿನ ದೋಸೆ ಏನನ್ನೂ ಕೇಳುವುದಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಹೊಸ ಹೋಟೆಲು. ಅದು ಆ ವರ್ಷವೇ ಶುರುವಾಗಿತ್ತು. ದಸರಾ ನೋಡಲು ಬರುವ ಪರದೇಶದವರಿಗಾಗಿ ಕಟ್ಟಿದ್ದಂತೆ. ಗಾಜಿನ ಬಾಗಿಲು, ಹೂಕುಂಡ, ಒಳಗೆ ಸೋಫಾ. ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಒಂದು ಸಲ ಒಳಹೊಕ್ಕು ಬಂದವರು, ಸ್ಟಾಫ್ ರೂಮಿನಲ್ಲಿ ಮೂರು ದಿನ ಅದನ್ನೇ ವರ್ಣಿಸಿದರು. ಬೇರೆಯದೆಲ್ಲ ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಒಂದು ಮಾತು ಮಾತ್ರ ನಿಂತಿತು: "ಅಲ್ಲಿ ಯಾರೂ ಕೂಗೋದಿಲ್ಲ ಕಣ್ರೀ. ಬಿಲ್ಲನ್ನ ಚೀಟಿಯಲ್ಲಿ ಬರೆದು, ಪುಸ್ತಕದಂಥ ರಟ್ಟಿನೊಳಗಿಟ್ಟು, ಮುಚ್ಚಿ ತಂದುಕೊಡ್ತಾರೆ."

ಮುಚ್ಚಿ ತಂದುಕೊಡುತ್ತಾರೆ! ಮರ್ಯಾದಸ್ಥರ ಸಂಸ್ಕೃತಿ ಎಂದರೆ ಇದಲ್ಲವೆ? ಆದರೆ ದೋಸೆಯ ಬೆಲೆ ಒಂದೂಕಾಲು ರೂಪಾಯಿ ಎಂದಾಗ ಸರೋಜ ಹೌಹಾರಿದಳು. "ಒಂದೂಕಾಲು ರೂಪಾಯಿಗೆ ವಾರವೆಲ್ಲಾ ದೋಸೆ ಮಾಡಿ ಹಾಕ್ತೀನಿ ನಾನು."

"ದೋಸೆ ಮೂರಾಣೆಯದೇ ಕಣೆ," ಎಂದೆ. "ಉಳಿದ ಒಂದು ರೂಪಾಯಿ ಒಂದಾಣೆ ಸುಮ್ಮನಿರುವುದಕ್ಕೆ."

ಅವಳು ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. "ಹಾಗಾದ್ರೆ ಒಂದೇ ಒಂದು ಸಲ. ಅಪ್ಪನ್ನೂ ಕರ್ಕೊಂಡು ಹೋಗೋಣ. ಜೀವಮಾನದಲ್ಲಿ ಹೋಟೆಲು ಮೆಟ್ಟಿದವರಲ್ಲ, ಮೆಟ್ಟಿದರೆ ಇಂಥದ್ದನ್ನೇ ಮೆಟ್ಟಲಿ."

ನನ್ನ ಮಾವನವರು ಅರಮನೆಯ ಉಗ್ರಾಣದಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಬಹಳ ಸಾಧು. ಮೂವತ್ತು ವರ್ಷ ದರ್ಬಾರಿನ ರೀತಿ ರಿವಾಜಿನಲ್ಲಿ ಬಾಗಿ ಬಾಗಿ ಬೆನ್ನು ಹಾಗೆಯೇ ನಿಂತಿತ್ತು. ಹೋಟೆಲಿಗೆ ಎಂದಾಗ ಅವರು ಅಂಜಿದರು. ದೊಡ್ಡ ಹೋಟೆಲು ಎಂದಾಗ ಬಂದ್‌ಗಲಾ ಕೋಟು ತೊಟ್ಟು ಜರಿಪೇಟ ಇಟ್ಟುಕೊಂಡು ಸಿದ್ಧರಾದರು.

ಗಾಜಿನ ಬಾಗಿಲು ತೆರೆದದ್ದೇ ತಡ, ಎದುರಿಗೆ ಒಬ್ಬ ವ್ಯಕ್ತಿ. ಮೊಣಕಾಲವರೆಗಿನ ಬೆಳ್ಳನೆಯ ಅಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಗೆ ಜರಿಯಂಚಿನ ಪೇಟ, ಎದೆಯ ಮೇಲೆ ಫಳಫಳ ಹೊಳೆಯುವ ಬಿಲ್ಲೆ. ಅವನು ಬಡಿಸುವವನು. ಹೊಸ ಹೋಟೆಲಿನವರು ತಮ್ಮ ಆಳುಗಳಿಗೆ ಅರಮನೆಯ ಠೀವಿ ಬರಲಿ ಎಂದು ಆ ವೇಷ ಹಾಕಿಸಿದ್ದರು. ನನಗೆ ಅದು ವೇಷ. ಮಾವನವರಿಗೆ ಅದು ಸರ್ಕಾರ. ಅವರು ಸೊಂಟ ಬಗ್ಗಿಸಿ, ನೆಲದವರೆಗೆ ಕೈಯಿಳಿಸಿ, ಮೂರು ಸಲ ಮುಜುರೆ ಮಾಡಿದರು. ಬಡಿಸುವವನು ಗಾಬರಿಯಾಗಿ ತಾನೂ ಬಗ್ಗಿದ.

ಮೇಜಿನ ಬಳಿ ಹೋದೆವು. ನಾನೂ ಸರೋಜಳೂ ಕೂತೆವು, ಮಾವನವರು ಕೂರಲಿಲ್ಲ.

"ಕೂತ್ಕೊಳ್ಳಿ ಮಾವ."

"ಅವರು ನಿಂತಿದಾರಲ್ಲ ಅಳಿಯಂದಿರೇ," ಎಂದು ಪಿಸುಗುಟ್ಟಿದರು.

"ಅವನ ಕೆಲಸವೇ ನಿಲ್ಲೋದು ಮಾವ."

"ಛೆ ಛೆ, ಏಕವಚನ ಬೇಡಿ. ಬಿಲ್ಲೆ ನೋಡಿ, ಬಿಲ್ಲೆ."

ಇವರು ನಿಂತಿದ್ದಾರಲ್ಲ, ಏನೋ ಬೇಕಾಗಿರಬೇಕು ಎಂದು ಬಡಿಸುವವನು ಹತ್ತಿರ ಬಂದು "ಯೆಸ್ ಸರ್" ಎಂದ. ಅವನು ಹತ್ತಿರ ಬಂದನೆಂದು ಇವರು ಇನ್ನಷ್ಟು ಬಗ್ಗಿದರು. ಇವರು ಬಗ್ಗಿದರೆಂದು ಅವನು ಇನ್ನಷ್ಟು ಹತ್ತಿರ ಬಂದ. ಒಂದು ಹಂತದಲ್ಲಿ ಎರಡು ಪೇಟಗಳೂ ಒಂದಕ್ಕೊಂದು ತಾಗಿದವು. ಸುತ್ತಲಿನ ಸೋಫಾಗಳಿಂದ ಜನ ಕತ್ತು ನೀಳ ಮಾಡಿ ನೋಡತೊಡಗಿದರು. ಯಾರ ಕಣ್ಣಿಗೂ ಬೀಳಬಾರದೆಂದು ಒಂದಕ್ಕೆ ಆರು ಪಟ್ಟು ಕೊಡಲು ಒಪ್ಪಿ ಬಂದವನು ನಾನು!

ಹೇಗೋ ಬಲವಂತ ಮಾಡಿ ಕುರ್ಚಿಯ ತುದಿಯಲ್ಲಿ ಅವರನ್ನು ಕೂರಿಸಿದೆ. ಮೇಜಿನ ಮೇಲೆ ಅದರ ನಂಬರು ಕೆತ್ತಿದ ಒಂದು ಹಿತ್ತಾಳೆಯ ಬಿಲ್ಲೆ ನಿಲ್ಲಿಸಿದ್ದರು. ಮಾವನವರು ಅದನ್ನು ಎರಡು ಕೈಯಿಂದ ತೆಗೆದು ನೋಡಿ, ಕೋಟಿನ ಒಳಜೇಬಿಗೆ ಇಳಿಸಿದರು. ನಾನು ನೋಡಿಯೂ ನೋಡದವನ ಹಾಗೆ ಇದ್ದೆ. ದರ್ಬಾರಿಗೆ ಹೋದವರಿಗೆ ಆಸನದ ನಂಬರು ಕೊಡುವ ಪದ್ಧತಿಯಂತೆ; ಎದ್ದು ಹೋಗುವವರೆಗೆ ಅದನ್ನು ಭದ್ರವಾಗಿ ಇಟ್ಟುಕೊಳ್ಳಬೇಕಂತೆ. ಇದನ್ನು ಅವರು ಆಮೇಲೆ ಹೇಳಿದರು.

ದೋಸೆ ಬಂತು. ಬಂಡಿಯ ಚಕ್ರದಷ್ಟು ದೊಡ್ಡ ಪಿಂಗಾಣಿ ತಟ್ಟೆ, ಅದರ ನಟ್ಟನಡುವೆ ಮೂರು ಮಡಿಕೆ ಮಡಚಿದ ಒಂದು ಕರವಸ್ತ್ರ, ಅದೇ ದೋಸೆ. ಪಕ್ಕದಲ್ಲಿ ಬೆಳ್ಳಿಯ ಹೊಳಪಿನ ಬಟ್ಟಲಿನಲ್ಲಿ ಒಂದು ಚಮಚ ಚಟ್ನಿ. ನಂಜಪ್ಪನಾಗಿದ್ದರೆ ಅಷ್ಟು ಚಟ್ನಿಯನ್ನು ಬಡಿಸುವಾಗ ನೆಲದ ಮೇಲೆ ಚೆಲ್ಲುತ್ತಿದ್ದ. ಮುಳ್ಳುಚಮಚ ಹಿಡಿದು ನಾನು ಒತ್ತಿದೆ. ದೋಸೆ ಜಾರಿ ಸರೋಜಳ ತಟ್ಟೆಗೆ ಹೋಯಿತು. "ನನಗೆ ಬೇಡ, ನೀವೇ ತಿನ್ನಿ," ಎಂದು ಅವಳು ಉಪಚಾರ ಮಾಡಿ ವಾಪಸು ಕಳಿಸಿದಳು.

ಕಾಫಿಯದು ಇನ್ನೊಂದು ಕಥೆ. ಒಂದು ಜಗ್ಗಿನಲ್ಲಿ ಡಿಕಾಕ್ಷನ್ನು, ಇನ್ನೊಂದರಲ್ಲಿ ಹಾಲು, ಬಟ್ಟಲಿನಲ್ಲಿ ಸಕ್ಕರೆಯ ಗಟ್ಟಿ, ಖಾಲಿ ಕಪ್ಪು. ನಾವು ಮೂವರೂ ಸುಮ್ಮನೆ ಕಾದೆವು. ಯಾರೂ ಬರಲಿಲ್ಲ. ಆಮೇಲೆ ತಿಳಿಯಿತು, ಬೆರೆಸಿಕೊಳ್ಳಬೇಕಾದವರು ನಾವೇ. ಸರೋಜ ನಿಟ್ಟುಸಿರು ಬಿಟ್ಟು ಸೆರಗು ಸಿಕ್ಕಿಸಿಕೊಂಡು ಮೂರು ಕಪ್ಪಿಗೂ ಬೆರೆಸಿದಳು.

"ಇದೇ ಕೆಲಸ ಮನೇಲಿ ಮಾಡಿದ್ರೆ ಯಾರಿಗೂ ದುಡ್ಡು ಕೊಡಬೇಕಾಗಿರಲಿಲ್ಲ ಅಲ್ವೇನ್ರೀ?" ಎಂದು ಕೇಳಿದಳು.

ನನಗೆ ಆಗಲೇ ಬೇಜಾರು ಶುರುವಾಗಿತ್ತು. ಅಷ್ಟು ದೊಡ್ಡ ಹಾಲಿನಲ್ಲಿ ಒಂದು ಮಾತಿಲ್ಲ, ಒಂದು ಲೋಟದ ಸದ್ದಿಲ್ಲ. ತಿನ್ನುವವರು ಪರೀಕ್ಷೆ ಬರೆಯುವವರ ಹಾಗೆ ತಲೆ ತಗ್ಗಿಸಿ ಕೂತಿದ್ದರು. ಇನ್ನೊಂದು ಚೂರು ಚಟ್ನಿ ಹಾಕ್ಲಾ ಎಂದು ಕೇಳುವವರಿಲ್ಲ. ನಾನು ಬಯಸಿ ಬಯಸಿ ಬಂದ ಮೌನವನ್ನು ನನ್ನ ಕೈಲೇ ಸಹಿಸಲಾಗಲಿಲ್ಲ. ಆದರೂ ಮನಸ್ಸಿಗೆ ಒಂದು ಸಮಾಧಾನವಿತ್ತು. ಇನ್ನೇನು ಬಿಲ್ಲು ಬರುತ್ತದೆ, ರಟ್ಟಿನೊಳಗೆ ಮುಚ್ಚಿಕೊಂಡು ಬರುತ್ತದೆ, ನನ್ನ ತಲೆಯ ವಿಷಯ ಯಾರೂ ಎತ್ತುವುದಿಲ್ಲ.

ಬಂತು. ಕೆಂಪು ರಟ್ಟು, ಅದರ ಮೇಲೆ ಚಿನ್ನದ ಅಕ್ಷರ, ಪಕ್ಕದಲ್ಲಿ ಒಂದು ಚಿಟಿಕೆ ಸೋಂಪು. ನಾನು ಗಂಭೀರವಾಗಿ ತೆರೆದೆ. ಮುತ್ತು ಪೋಣಿಸಿದಂಥ ಇಂಗ್ಲಿಷ್ ಅಕ್ಷರದಲ್ಲಿ ಮೇಲುಗಡೆ ಬರೆದಿತ್ತು: 'ಬಾಲ್ಡ್ ಜೆಂಟ್, ಥ್ರೀ ಪರ್ಸನ್ಸ್.' ಕೆಳಗೆ ದೋಸೆ, ಕಾಫಿ, ಸರ್ವೀಸು, ಟ್ಯಾಕ್ಸು ಎಲ್ಲ ಸೇರಿ ಒಂಬತ್ತು ರೂಪಾಯಿ.

"ಏನಯ್ಯಾ ಇದು?" ಎಂದು ಆ ಪದಗಳ ಮೇಲೆ ಬೆರಳಿಟ್ಟೆ.

ಅಷ್ಟು ಹೊತ್ತು ಯೆಸ್ ಸರ್ ಎನ್ನುತ್ತಿದ್ದವನು ಒಮ್ಮೆಲೇ ಕನ್ನಡಕ್ಕೆ ಇಳಿದ. "ಬೇಜಾರ್ ಮಾಡ್ಕೋಬೇಡಿ ಸಾರ್. ದಿನಾ ಟೇಬಲ್ ನಂಬರೇ ಬರೆಯೋದು. ಇವತ್ತು ನಿಮ್ ಟೇಬಲ್ ನಂಬರೇ ಕಾಣ್ಲಿಲ್ಲ. ಕನ್ನಡಕ ಅಂತ ಬರೆಯಾಣ ಅಂದ್ರೆ ಆ ಕಡೆ ಇಬ್ರು ಕನ್ನಡಕದೋರವ್ರೆ. ಅದಕ್ಕೇ..."

"ಈ ವಿದ್ಯೆ ಎಲ್ಲಿ ಕಲಿತೆ ನೀನು?"

"ನಜರ್‌ಬಾದಲ್ಲಿ ಸಾರ್. ಈ ಕೆಲ್ಸಕ್ಕೆ ಬರೋಕ್ ಮುಂಚೆ ಅಲ್ಲಿ ಒಳಗಡೆ ಲೋಟ ತೊಳೀತಿದ್ದೆ, ನಂಜಪ್ಪಣ್ಣ ಅಂತ ಒಬ್ರತ್ರ ಪಳಗ್ದೆ."

ಮಾವನವರು ಆಗ ಒಳಜೇಬಿನಿಂದ ಹಿತ್ತಾಳೆ ಬಿಲ್ಲೆಯನ್ನು ತೆಗೆದು ಎರಡು ಕೈಯಲ್ಲಿಟ್ಟು ಅವನಿಗೆ ಒಪ್ಪಿಸಿದರು. ಸರೋಜ ಬಾಗಿ ಚೀಟಿಯನ್ನು ನೋಡಿದಳು. ಅವಳಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಸೆರಗು ಬಾಯಿಗೆ ಹೋಯಿತು. ನಜರ್‌ಬಾದಿನಲ್ಲಿ ಐದಾಣೆಗೆ ಕನ್ನಡದಲ್ಲಿ ಸಿಗುತ್ತಿದ್ದದ್ದನ್ನು ಒಂಬತ್ತು ರೂಪಾಯಿ ಕೊಟ್ಟು ಇಂಗ್ಲಿಷಿನಲ್ಲಿ ಕೊಂಡುಕೊಂಡು ನಾನು ಎದ್ದೆ.

ಎದ್ದರೆ, ಮಾವನವರು ಬಾಗಿಲ ಕಡೆ ಹಿಮ್ಮುಖವಾಗಿ ನಡೆಯುತ್ತಿದ್ದಾರೆ! ದರ್ಬಾರಿಗೆ ಬೆನ್ನು ತೋರಿಸಬಾರದಲ್ಲ? ಕೈಮುಗಿದುಕೊಂಡು, ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿಯುತ್ತ, ಒಂದು ಸೋಫಾ ದಾಟಿ, ಎರಡು ಸೋಫಾ ದಾಟಿ, ಹೂಕುಂಡದ ಮೇಲೆ ಕೂತುಬಿಟ್ಟರು. ಎಬ್ಬಿಸಿ, ಕೋಟಿನ ಮಣ್ಣು ಕೊಡವಿ, "ಮಾವ, ಅವನು ಅರಮನೆಯವನಲ್ಲ, ನಜರ್‌ಬಾದಿನ ಹೋಟೆಲಿನಿಂದ ಬಂದವನು. ಕೇಳಿಸಲಿಲ್ಲವೇ?" ಎಂದೆ.

"ಕೇಳಿಸ್ತು ಅಳಿಯಂದಿರೇ," ಎಂದರು ಅವರು ಶಾಂತವಾಗಿ. "ಮರ್ಯಾದೆ ಕೊಡೋದು ಬಟ್ಟೆಗೆ. ಒಳಗೆ ಯಾರಿದ್ದರೇನು?"

ಆ ಮಾತನ್ನು ನಾನು ಮನೆಯವರೆಗೂ ಮೆಲುಕು ಹಾಕಿದೆ. ದೊಡ್ಡ ಹೋಟೆಲಿನ ಬೆಲೆಯ ರಹಸ್ಯವನ್ನು ಮಾವನವರು ಒಂದು ಮಾತಿನಲ್ಲಿ ಬಿಡಿಸಿಟ್ಟಿದ್ದರು. ಒಂದೂಕಾಲು ರೂಪಾಯಿ ದೋಸೆಗಲ್ಲ, ದೋಸೆಯ ಬಟ್ಟೆಗೆ. ಪಿಂಗಾಣಿ ಒಂದು ಬಟ್ಟೆ, ರಟ್ಟು ಒಂದು ಬಟ್ಟೆ, ಇಂಗ್ಲಿಷು ಇನ್ನೊಂದು. ಒಳಗಿದ್ದದ್ದು ಅದೇ ನಾನು, ಅದೇ ತಲೆ.

ನನ್ನ ಮುಖ ನೋಡಿ ಮಾವನವರಿಗೆ ಮರುಕ ಹುಟ್ಟಿತೆಂದು ತೋರುತ್ತದೆ. ಮರುದಿನ ತಮ್ಮ ಇನ್ನೊಂದು ಜರಿಪೇಟವನ್ನು ತಂದು ನನ್ನ ತಲೆಯ ಮೇಲೆ ತಾವೇ ಇಟ್ಟರು. "ಇದನ್ನ ಇಟ್ಕೊಂಡು ಹೋಗಿ. ಯಾವನು ಏನಂತಾನೆ ನೋಡೋಣ," ಎಂದರು. ಕನ್ನಡಿಯಲ್ಲಿ ನೋಡಿಕೊಂಡೆ. ನಾನು ನಾನಾಗಿರಲಿಲ್ಲ, ದಿವಾನರ ಮನೆತನದ ಯಾರೋ ನಿಂತಿದ್ದರು. ಇದನ್ನು ಮೊದಲೇ ಮಾಡಿದ್ದರೆ ಒಂಬತ್ತು ರೂಪಾಯಿ ಉಳಿಯುತ್ತಿತ್ತಲ್ಲ!

ಮುಂದಿನ ಭಾನುವಾರ ಪೇಟವಿಟ್ಟುಕೊಂಡು, ಸರೋಜಳನ್ನು ಕರೆದುಕೊಂಡು, ಶಪಥ ಮುರಿದು ನಜರ್‌ಬಾದಿಗೆ ಹೋದೆ. ಹಸಿರು ಪರದೆಯ ಹಿಂದೆ ಕೂತೆವು. ನಂಜಪ್ಪ ಬಂದ. ಅವನ ಮುಖದಲ್ಲಿ ಗುರುತಿನ ಗೆರೆಯೊಂದೂ ಇಲ್ಲ. ಹೆಗಲ ಮೇಲಿನ ಬಟ್ಟೆ ತೆಗೆದು ಕಂಕುಳಲ್ಲಿಟ್ಟುಕೊಂಡು, "ಬುದ್ಯೋರಿಗೆ ಏನ್ ಕೊಡ್ಲಿ?" ಎಂದ.

ಗೆದ್ದೆ ಎಂದುಕೊಂಡೆ. ಆದರೆ ಏನು ಹೇಳಲಿ, ಗೆದ್ದ ಮರುಕ್ಷಣವೇ ಎದೆಯೊಳಗೆ ಏನೋ ಚುಳ್ ಎಂದಿತು. ಇಷ್ಟು ವರ್ಷದಲ್ಲಿ ನಂಜಪ್ಪ ಒಂದು ದಿನವೂ ಏನು ಕೊಡಲಿ ಎಂದು ನನ್ನನ್ನು ಕೇಳಿದವನಲ್ಲ. ನಾನು 'ಗುಂಗುರು ಕೂದ್ಲು' ಆಗಿದ್ದಾಗಿನಿಂದ ನನ್ನ ತಲೆ ಬಾಗಿಲಲ್ಲಿ ಕಂಡರೆ ಸಾಕು, ದೋಸೆ ಹೆಂಚಿಗೆ ಬೀಳುತ್ತಿತ್ತು. ಹದಿನೈದು ವರ್ಷದ ನಂಟು ಒಂದು ಗಜ ಬಟ್ಟೆಯ ಕೆಳಗೆ ಮುಚ್ಚಿಹೋಯಿತಲ್ಲ ಎಂದು ನನಗೆ ಅಳುವೇ ಬಂದಂತಾಯಿತು. "ಎರಡು ಮಸಾಲೆದೋಸೆ, ಎರಡು ಕಾಫಿ," ಎಂದೆ, ಯಾರೋ ಪರಸ್ಥಳದವನ ಹಾಗೆ.

ದೋಸೆ ಬಂತು. ಗರಿಗರಿ, ಅಂಚು ಕೆಂಪಗೆ, ಪಲ್ಯ ಕಮ್ಮಿ, ಚಟ್ನಿ ತಟ್ಟೆಯಿಂದಾಚೆಗೂ ಹರಿದಿತ್ತು. ಕಾಫಿ ಬಂತು. ಸ್ಟ್ರಾಂಗು, ಸಕ್ಕರೆ ಅರ್ಧ. ಎಲ್ಲ ನನ್ನ ಮಾಮೂಲಿನಂತೆಯೇ; ಇದ್ಯಾವುದನ್ನೂ ನಾನು ಹೇಳಿರಲಿಲ್ಲ. ನಾನು ಸರೋಜಳ ಮುಖ ನೋಡಿದೆ, ಅವಳು ನನ್ನ ಪೇಟ ನೋಡಿದಳು. ಅಷ್ಟರಲ್ಲಿ ಪರದೆಯಾಚೆ ನಂಜಪ್ಪ ಎದೆ ತುಂಬ ಉಸಿರೆಳೆದುಕೊಂಡದ್ದು ಕೇಳಿಸಿತು.

"ಫ್ಯಾಮಿಲಿ ರೂಮು! ಪೇಟದ ಒಳಗಿರೋ ನಮ್ ಬೋಳುತಲೆ, ಉದ್ದ ಜಡೆಯೋರು, ಅತ್ತಾಣೆ!"

ಹಜಾರಕ್ಕೆ ಹಜಾರವೇ ನಕ್ಕಿತು. ನಾನೂ ನಕ್ಕೆ. ಸರೋಜ ಮಾತ್ರ ನಗಲಿಲ್ಲ, ಜಡೆಯನ್ನು ಮುಂದಕ್ಕೆಳೆದು ಅದರ ತುದಿಯ ಕುಚ್ಚನ್ನು ಸರಿಮಾಡಿಕೊಂಡು, "ಎಷ್ಟು ಒಳ್ಳೆ ಮನುಷ್ಯ ಅಲ್ವೇನ್ರೀ?" ಎಂದಳು.

ಈಗ ನಯಾಪೈಸೆ ಬಂದಿದೆ. ಐದಾಣೆ ಹೋಗಿ ಮೂವತ್ತೊಂದು ನಯಾಪೈಸೆಯಾಗಿ, ನಂಜಪ್ಪನ ಕೂಗಿನ ತಾಳ ಕೊಂಚ ತಪ್ಪಿದೆ. ಹೊಸ ಹೋಟೆಲಿನಲ್ಲಿ ದೋಸೆ ಎರಡು ರೂಪಾಯಿಯಂತೆ. ಕೊಟ್ಟ ದುಡ್ಡಿಗೆ ಸಾರ್ಥಕವೇ ಎಂದು ಯಾರಾದರೂ ಕೇಳಿದರೆ ನಾನು ಆವತ್ತು ಗಲ್ಲಾದ ಮುಂದೆ ನಡೆದದ್ದನ್ನು ಹೇಳುತ್ತೇನೆ. ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ಹತ್ತಾಣೆ ಎಣಿಸಿಕೊಟ್ಟೆ. ಬಾಗಿಲಿನ ಗಾಳಿ ನೆತ್ತಿಗೆ ತಗುಲಿ ಹಾಯೆನಿಸಿತು. ಯಜಮಾನರು ನನ್ನ ತಲೆಯನ್ನು ಪ್ರೀತಿಯಿಂದ ನೋಡಿ, "ಏನ್ ಮೇಷ್ಟ್ರೇ, ಬಾಳ ದಿನ ಆಯ್ತು. ಎಲ್ಲೋ ದೂರ ಓಗಿದ್ರಾ?" ಎಂದು ಕೇಳಿದರು.

"ಹೌದು ಯಜಮಾನ್ರೇ," ಎಂದೆ. "ಒಂಬತ್ತು ರೂಪಾಯಿ ದೂರ."